ದೊಡ್ಡ ಡಿಸ್ಕ್ ಬೂಟ್ ಆಗ್ತಿಲ್ಲವೇ? ಫಾರ್ಮ್ಯಾಟ್ ಹೊಡೆಯುವ ಮೊದಲು ಇದನ್ನು ನೋಡಿ

ಗಂಗಾವತಿಯ ನಮ್ಮ ರಿಪೇರಿ ಅಂಗಡಿಗೆ ದೊಡ್ಡ ಹಾರ್ಡ್ ಡಿಸ್ಕುಗಳು ಹೆಚ್ಚಾಗಿ ಎರಡು ಕಡೆಯಿಂದ ಬರುತ್ತವೆ. ಒಂದು ರೈಸ್ ಮಿಲ್ಲು. ಸಿಸಿಟಿವಿಯ ಡಿವಿಆರ್ ಬದಲಿಸಿದ ಮೇಲೆ ಉಳಿದ 4 ಟಿಬಿ ಡಿಸ್ಕನ್ನು, ಸುಮ್ಮನೆ ಯಾಕೆ ಇಡಬೇಕು ಅಂತ, ಟ್ಯಾಲಿ ನಡೆಸುವ ಹಳೇ ಕಂಪ್ಯೂಟರಿಗೆ ಜೋಡಿಸಿಬಿಡುತ್ತಾರೆ. ಇನ್ನೊಂದು ಮದುವೆ ಸ್ಟುಡಿಯೋ. ಅವರಿಗೆ ಎಷ್ಟು ಜಾಗ ಕೊಟ್ಟರೂ ಸಾಲದು. ಲಗ್ನದ ಸೀಜನ್ ಮುಗಿಯುವಷ್ಟರಲ್ಲಿ ಡಿಸ್ಕ್ ತುಂಬಿ ಇನ್ನೂ ದೊಡ್ಡದು ಬೇಕಾಗಿರುತ್ತದೆ. ಎರಡೂ ಕಡೆ ಪರಿಸ್ಥಿತಿ ಒಂದೇ: ಮದರ್‌ಬೋರ್ಡ್ ಹಳೇದು, ಡಿಸ್ಕ್ ದೊಡ್ಡದು.

ಒಂದಷ್ಟು ಕಾಲ ಚೆನ್ನಾಗಿ ನಡೆದು ಒಂದು ಬೆಳಿಗ್ಗೆ ಕಪ್ಪು ಪರದೆ ಬರುತ್ತದೆ. ಸಿಪಿಯು ಹೊತ್ತು ತಂದು ಕೌಂಟರ್ ಮೇಲಿಟ್ಟು ಹೇಳುವ ಮಾತೂ ಒಂದೇ. "ಅಕ್ಕಾರ, ಹಾರ್ಡ್ ಡಿಸ್ಕ್ ಹೋಗೈತ್ರಿ. ಫಾರ್ಮ್ಯಾಟ್ ಹೊಡ್ದು ವಿಂಡೋಸ್ ಹಾಕಿ ಕೊಡ್ರಿ."

ಹಾಗೆ ಬಂದ ಡಿಸ್ಕುಗಳಲ್ಲಿ ಬಹಳಷ್ಟು ಹೋಗಿರುವುದಿಲ್ಲ. ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಬಯೋಸ್, ಡಿಸ್ಕಿನ ಭಾಗಗಳ ಪಟ್ಟಿಯಾದ ಪಾರ್ಟಿಶನ್ ಟೇಬಲ್, ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸುವ ಬೂಟ್ ಲೋಡರ್, ಈ ಮೂವರಲ್ಲಿ ಒಬ್ಬರಿಗೆ ಅಷ್ಟು ದೂರ ಎಣಿಸಲು ಬಂದಿರುವುದಿಲ್ಲ, ಇಲ್ಲವೇ ಒಬ್ಬರು ಬರೆದಿಟ್ಟಿದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಫಾರ್ಮ್ಯಾಟ್ ಹೊಡೆದರೆ ಎಣಿಸಲು ಬಾರದವರಿಗೆ ಎಣಿಕೆ ಬರುವುದಿಲ್ಲ. ಡೇಟಾ ಹೋಗುತ್ತದೆ, ರೋಗ ಹಾಗೇ ಉಳಿಯುತ್ತದೆ. ಹಾಗಾಗಿ ನಮ್ಮ ಅಂಗಡಿಯ ಹುಡುಗರಿಗೆ ನಾನು ಹಾಕಿರುವ ಕಟ್ಟಳೆ ಒಂದೇ: ಬೂಟ್ ಎಲ್ಲಿ ನಿಂತಿದೆ ಅಂತ ಗೊತ್ತಾಗುವವರೆಗೆ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಬಾರದು.

ಕಮಾಂಡುಗಳನ್ನು ನಾನು ಸಿಂಧನೂರು, ಕಾರಟಗಿ ಕಡೆಯವರಿಗೆ ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ, ಸ್ಪೇಸ್ ಇದ್ದಲ್ಲಿ ಸ್ಪೇಸ್, ಚಿಹ್ನೆ ಇದ್ದಲ್ಲಿ ಚಿಹ್ನೆ.

ಮೊದಲು ಬರೀ ನೋಡುವುದು, ಕೇಳುವುದು

ಪವರ್ ಕೊಟ್ಟು ಕಿವಿ ಹತ್ತಿರ ಇಡಿ. ಟಕ್, ಟಕ್ ಅಂತ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ತಕ್ಷಣ ಆಫ್ ಮಾಡಿ; ಅದು ಬೂಟ್ ಲೋಡರ್ ಸಮಸ್ಯೆ ಅಲ್ಲ, ಡಿಸ್ಕ್ ಓದುವ ಹೆಡ್ಡಿನದು. ಒಳಗಿನ ಡೇಟಾ ಬೇಕಾದರೆ ರಿಕವರಿ ಲ್ಯಾಬಿಗೇ ಕಳಿಸಬೇಕು. ಸದ್ದೇ ಇಲ್ಲ, ಡಿಸ್ಕ್ ತಿರುಗುತ್ತಲೇ ಇಲ್ಲ ಅಂದರೆ ಬೇರೆ ಮಾತು. ಎಕ್ಸ್‌ಟರ್ನಲ್ ಪೆಟ್ಟಿಗೆಯಿಂದ ಬಿಚ್ಚಿದ 8 ಟಿಬಿ, 10 ಟಿಬಿ ಡಿಸ್ಕುಗಳಲ್ಲಿ ಕೆಲವಕ್ಕೆ ಸಾಟಾ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಮಲಗಿಕೊಳ್ಳುವ ಗುಣವಿದೆ. ಸರ್ವರುಗಳಲ್ಲಿ ದೂರದಿಂದಲೇ ಡಿಸ್ಕ್ ಆಫ್ ಮಾಡಲಿಕ್ಕೆ ಮಾಡಿದ ವ್ಯವಸ್ಥೆ ಅದು. ಹಳೇ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಡಬ್ಬಿ) ಆ ಪಿನ್ನಿಗೆ ಯಾವಾಗಲೂ ಕರೆಂಟ್ ಕೊಡುತ್ತಲೇ ಇರುತ್ತದೆ. ನಾಲ್ಕು ಪಿನ್ನಿನ ಹಳೇ ಮೊಲೆಕ್ಸಿನಿಂದ ಸಾಟಾಗೆ ಬದಲಿಸುವ ಕೇಬಲ್ ಹಾಕಿ ನೋಡಿ. ಅದರಲ್ಲಿ 3.3 ವೋಲ್ಟಿನ ತಂತಿಯೇ ಇರುವುದಿಲ್ಲ, ಡಿಸ್ಕ್ ತಿರುಗುತ್ತದೆ.

ಆಮೇಲೆ ಪರದೆಯ ಮೇಲಿನ ಅಕ್ಷರಗಳನ್ನು ಫೋಟೋ ತೆಗೆಯಿರಿ. "ಏನೋ ಇಂಗ್ಲಿಷಿನಾಗ ಬರ್ತೈತ್ರಿ" ಅಂದರೆ ನನಗೆ ಏನೂ ತಿಳಿಯುವುದಿಲ್ಲ. "ಬೂಟ್ ಡಿವೈಸ್ ಸಿಗಲಿಲ್ಲ" ಅಂತ ಬಂದರೆ ನಿಂತಿರುವುದು ಬಯೋಸ್. "ಬೂಟ್‌ಎಂಜಿಆರ್ ಇಲ್ಲ" ಅಂದರೆ ಬಯೋಸ್ ತನ್ನ ಕೆಲಸ ಮುಗಿಸಿದೆ, ಮುಂದಿನವರಿಗೆ, ಅಂದರೆ ವಿಂಡೋಸಿನ ಬೂಟ್ ಲೋಡರಿಗೆ, ದಾರಿ ಸಿಕ್ಕಿಲ್ಲ. "ಗ್ರಬ್ ರೆಸ್ಕ್ಯೂ" ಅಂತ ಬಂದರೆ ಲಿನಕ್ಸಿನ ಲೋಡರ್ ಅರ್ಧ ಎದ್ದು ತನ್ನ ಉಳಿದರ್ಧವನ್ನು ಹುಡುಕುತ್ತಿದೆ. ಹಿಂದೆ ಲಿಲೋ ಅಂತ ಒಂದು ಲೋಡರ್ ಇತ್ತು. ಎದ್ದಷ್ಟು ಅಕ್ಷರ ಮಾತ್ರ ಪರದೆ ಮೇಲೆ ಬರೆಯುತ್ತಿತ್ತು. ಎರಡೇ ಅಕ್ಷರ ಬಂದು ನಿಂತರೆ ಎರಡನೇ ಹಂತದಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ. ಅಷ್ಟು ಪ್ರಾಮಾಣಿಕ ಎರರ್ ಮೆಸೇಜ್ ಆಮೇಲೆ ಯಾರೂ ಕೊಟ್ಟಿಲ್ಲ.

ಮೂರನೆಯದಾಗಿ ಬಯೋಸಿನ ಒಳಗೆ ಹೋಗಿ. ಡಿಲೀಟ್ ಅಥವಾ ಎಫ್2. ಅಲ್ಲಿ ನೋಡಬೇಕಾದ್ದು ಮೂರು: ಡಿಸ್ಕಿನ ಹೆಸರು ಕಾಣುತ್ತಿದೆಯೇ, ಸೈಜ್ ಸರಿ ತೋರಿಸುತ್ತಿದೆಯೇ, ಇವತ್ತಿನ ತಾರೀಖು ಇದೆಯೇ.

ತಾರೀಖು ಯಾಕೆ ಅಂತ ಹೊಸ ಹುಡುಗರು ಕೇಳುತ್ತಾರೆ. ಮಿಲ್ಲುಗಳಲ್ಲಿ ರಾತ್ರಿ ಮನೆಗೆ ಹೋಗುವಾಗ ಮೇನ್ ಸ್ವಿಚ್ಚೇ ಇಳಿಸಿ ಹೋಗುತ್ತಾರೆ. ಗೋಡೆಯ ಕರೆಂಟ್ ಇದ್ದಾಗ ಬೋರ್ಡಿನ ಸಿಆರ್2032 ಸೆಲ್ಲಿಗೆ ಕೆಲಸ ಇರುವುದಿಲ್ಲ. ಇಲ್ಲದಾಗ ಅದೇ ದುಡಿಯಬೇಕು. ದಿನಾ ಮೇನ್ ಇಳಿಸುವ ಕಡೆ ಸೆಲ್ ಬೇಗ ಖಾಲಿ. ಸೆಲ್ ಹೋದರೆ ತಾರೀಖಿನ ಜೊತೆ ಬಯೋಸಿನ ಸೆಟ್ಟಿಂಗುಗಳೂ ಹೋಗುತ್ತವೆ. ಬೂಟ್ ಮಾಡುವ ಕ್ರಮ ಹೊಸ ಯುಇಎಫ್ಐ ಇದ್ದದ್ದು ಹಳೇ ಲೆಗಸಿ ಆಗುತ್ತದೆ, ಡಿಸ್ಕಿನ ಜೊತೆ ಮಾತಾಡುವ ಕ್ರಮ ಎಎಚ್‌ಸಿಐ ಇದ್ದದ್ದು ಐಡಿಇ ಆಗುತ್ತದೆ, ಬೂಟ್ ಆರ್ಡರಿನಲ್ಲಿ ಡಿವಿಆರಿನಿಂದ ಬಂದ ಡಿಸ್ಕ್ ಮೇಲೆ ಬಂದು ಕೂರುತ್ತದೆ. ಡಿಸ್ಕಿನಲ್ಲಿ ಏನೂ ಕೆಟ್ಟಿಲ್ಲ, ಆದರೂ ಬೂಟ್ ಇಲ್ಲ. ಸೆಲ್ ಬದಲಿಸಿ, ಮೂರು ಸೆಟ್ಟಿಂಗ್ ಮೊದಲಿನಂತೆ ಮಾಡಿ, ಎಫ್10 ಒತ್ತಿ. ಒಂದು ಸಣ್ಣ ಸೆಲ್ಲಿನ ಬೆಲೆಯಲ್ಲಿ ಮುಗಿಯುವ ಈ ಕೆಲಸಕ್ಕೆ ಎಷ್ಟೋ ಡಿಸ್ಕುಗಳು ಫಾರ್ಮ್ಯಾಟ್ ಆಗಿ ಹೋಗಿವೆ.

ಎಣಿಕೆ ಎಲ್ಲಿ ಮುಗಿಯುತ್ತದೆ

ಡಿಸ್ಕನ್ನು 512 ಬೈಟಿನ ಸೆಕ್ಟರುಗಳಾಗಿ ಎಣಿಸುತ್ತಾರೆ. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ ಬಂದಾಗ ಅದರ ಡಿಸ್ಕ್ 10 ಎಂಬಿ. ಆಗ ಮಾಡಿದ ಎಂಬಿಆರ್ ಪದ್ಧತಿಯನ್ನೇ ಹಳೇ ಕಂಪ್ಯೂಟರುಗಳು ಇಂದಿಗೂ ನಂಬಿಕೊಂಡಿವೆ. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಶನ್ ಟೇಬಲ್, ಕೊನೆಗೆ ಎರಡು ಬೈಟ್ ಸಹಿ. ನಾಲ್ಕೇ ಪಾರ್ಟಿಶನ್. ಒಂದೊಂದರ ಆರಂಭ ಎಲ್ಲಿ, ಉದ್ದ ಎಷ್ಟು ಅಂತ ಬರೆಯಲು 32 ಬಿಟ್.

ಆ 32 ಬಿಟ್ಟಿನಲ್ಲಿ ಬರೆಯಬಹುದಾದ ದೊಡ್ಡ ಸಂಖ್ಯೆ ಸುಮಾರು 429 ಕೋಟಿ. ಒಂದೊಂದು ಸೆಕ್ಟರಿಗೆ 512 ಬೈಟ್ ಅಂತ ಗುಣಿಸಿದರೆ 2.2 ಟಿಬಿ, ವಿಂಡೋಸ್ ತೋರಿಸುವ ಲೆಕ್ಕದಲ್ಲಿ 2048 ಜಿಬಿ. ಅದರಾಚೆಗೆ ಎಂಬಿಆರಿಗೆ ಜಗತ್ತೇ ಇಲ್ಲ.

ಇದು ಮೊದಲ ಗೋಡೆಯಲ್ಲ. ಬಯೋಸ್ ಡಿಸ್ಕನ್ನು ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಎಣಿಸುತ್ತಿದ್ದ ಕಾಲದಲ್ಲಿ 1024 ಸಿಲಿಂಡರಿಗೆ ಮುಗಿಯುತ್ತಿತ್ತು. ಅದರಿಂದ ಮೊದಲು 528 ಎಂಬಿಯ ಗೋಡೆ, ಆಮೇಲೆ 8.4 ಜಿಬಿಯದು. ಹಳೇ ಗ್ರಬ್ಬಿನಲ್ಲಿ ಬರುತ್ತಿದ್ದ "ಎರರ್ 18" ಇದರ ಸಂತಾನವೇ: ನೀನು ಕೇಳಿದ ಸಿಲಿಂಡರ್ ಬಯೋಸಿನ ಕೈಗೆ ಎಟುಕುವುದಿಲ್ಲ ಅಂತ. ಆಮೇಲೆ 28 ಬಿಟ್ಟಿನ ಎಣಿಕೆ ಬಂತು, 137 ಜಿಬಿಗೆ ನಿಂತಿತು. ವಿಂಡೋಸ್ ಎಕ್ಸ್‌ಪಿಗೆ ಅದನ್ನು ದಾಟಲು ಸರ್ವಿಸ್ ಪ್ಯಾಕ್ 1 ಬೇಕಾಯಿತು, 2002ರಲ್ಲಿ. 2010ರ ಹೊತ್ತಿಗೆ 3 ಟಿಬಿ ಡಿಸ್ಕ್ ಬಂದಾಗ ಬೋರ್ಡುಗಳು ಇನ್ನೂ ತಯಾರಿರಲಿಲ್ಲ; ಒಂದು ಕಂಪನಿ ಡಿಸ್ಕಿನ ಜೊತೆಗೇ ಒಂದು ಕಂಟ್ರೋಲರ್ ಕಾರ್ಡನ್ನೂ ಡಬ್ಬಿಯಲ್ಲಿಟ್ಟು ಮಾರಿತು.

ಈಗ ನೀವು 3 ಟಿಬಿ ಡಿಸ್ಕ್ ಹಾಕಿದ್ದೀರಿ, ಬಯೋಸಿನಲ್ಲೋ ವಿಂಡೋಸಿನಲ್ಲೋ 746 ಜಿಬಿ ಅಂತ ತೋರಿಸುತ್ತಿದೆ ಅಂದುಕೊಳ್ಳಿ. ಅಂಗಡಿಯವರು ಮೋಸ ಮಾಡಿದರು ಅಂತ ಜಗಳಕ್ಕೆ ಹೋಗಬೇಡಿ. 3 ಟಿಬಿ ಅಂದರೆ ವಿಂಡೋಸಿನ ಲೆಕ್ಕದಲ್ಲಿ 2794 ಜಿಬಿ. ಅದರಲ್ಲಿ 2048 ಕಳೆದರೆ ಉಳಿಯುವುದು 746. ಹಳೇ ಲಾರಿಯ ಕಿಲೋಮೀಟರ್ ಮೀಟರ್ 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುವ ಹಾಗೆ, ಹಳೇ ಡ್ರೈವರ್ 2048ಕ್ಕೆ ಒಂದು ಸುತ್ತು ಮುಗಿಸಿ ಮತ್ತೆ ಎಣಿಸಿದೆ. 4 ಟಿಬಿ ಆದರೆ ಇದೇ ರೀತಿ 1678 ತೋರಿಸುತ್ತದೆ. ಒಟ್ಟು ಸೈಜೇ 746 ಅಂತ ತೋರಿಸಿದರೆ ಡ್ರೈವರ್ ಅಥವಾ ಬಯೋಸ್ ಹಳೇದು. ಅದೇ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 2048 ಜಿಬಿ ಒಂದು ತುಂಡು, ಪಕ್ಕದಲ್ಲಿ ಮುಟ್ಟಲಾಗದ 746 ಜಿಬಿ ಇನ್ನೊಂದು ತುಂಡು ಕಂಡರೆ ಎಣಿಕೆ ಸರಿ ಇದೆ, ಟೇಬಲ್ ಮಾತ್ರ ಎಂಬಿಆರ್. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಸಾಟಾ ಡ್ರೈವರ್, ಬಯೋಸ್ ಅಪ್‌ಡೇಟ್, ಎರಡನೆಯದಕ್ಕೆ ಜಿಪಿಟಿ ಎಂಬ ಹೊಸ ರೀತಿಯ ಟೇಬಲ್.

ತಿಂಗಳುಗಟ್ಟಲೆ ನಡೆದು ಆಮೇಲೆ ನಿಲ್ಲುವುದು

ಜನರಿಗೆ ನಂಬಲು ಕಷ್ಟವಾಗುವುದು ಇದೇ. "ಇಷ್ಟ್ ದಿನ ಚಲೋ ನಡದಿತ್ತಲ್ರಿ, ಏನೂ ಮುಟ್ಟಿಲ್ರಿ." ಅವರು ಸುಳ್ಳು ಹೇಳುತ್ತಿಲ್ಲ. ಡಿಸ್ಕ್ ಖಾಲಿ ಇದ್ದಾಗ ಹೆಚ್ಚಿನ ಫೈಲುಗಳು ಆರಂಭದ ಭಾಗದಲ್ಲೇ ಇರುತ್ತವೆ, ಬಯೋಸಿನ ಕೈಗೆ ಎಟುಕುತ್ತವೆ. ಡಿಸ್ಕ್ ತುಂಬುತ್ತಾ ಹೋದ ಹಾಗೆ ಹೊಸ ಫೈಲುಗಳು ಗೋಡೆಯಾಚೆ ಬೀಳತೊಡಗುತ್ತವೆ. ವಿಂಡೋಸ್ ಅಥವಾ ಲಿನಕ್ಸ್ ಪೂರ್ತಿ ಎದ್ದ ಮೇಲೆ ಸ್ವಂತ ಡ್ರೈವರ್ ಇರುವುದರಿಂದ ಗೋಡೆಯಾಚೆಯದೂ ಓದುತ್ತದೆ. ಬೂಟ್ ಲೋಡರಿಗೆ ಆ ಭಾಗ್ಯವಿಲ್ಲ. ಬಯೋಸ್ ಕಣ್ಣಲ್ಲೇ ನೋಡಬೇಕು.

ಒಂದು ಕಾಲೇಜಿನ ಲ್ಯಾಬಿನ ಹಳೇ ಯಂತ್ರದಲ್ಲಿ ಇಡೀ 1 ಟಿಬಿ ಡಿಸ್ಕಿಗೆ ಒಂದೇ ಪಾರ್ಟಿಶನ್ ಮಾಡಿ ಉಬುಂಟು ಲಿನಕ್ಸ್ ಹಾಕಿದ್ದರು. ನಡೆಯುತ್ತಿತ್ತು. ಒಂದು ಅಪ್‌ಡೇಟ್ ಆಯಿತು, ಹೊಸ ಕರ್ನಲ್ (ಲಿನಕ್ಸಿನ ಮೂಲ ಫೈಲ್) ಬಂತು, ಆ ಫೈಲ್ ಹೋಗಿ 137 ಜಿಬಿಯಾಚೆ ಕುಳಿತಿತು. ಮರುದಿನ ಗ್ರಬ್ ಮೆನು ಬರುತ್ತದೆ, ಎಂಟರ್ ಒತ್ತಿದರೆ "ಎಚ್‌ಡಿ0 ಡಿಸ್ಕಿನ ಹೊರಗೆ ಓದಲು ಪ್ರಯತ್ನ" ಎಂಬರ್ಥದ ಎರರ್. ಈ ಎರರ್ ಕಂಡರೆ ಅರ್ಧ ರೋಗ ಪತ್ತೆಯಾದಂತೆ. ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸಿಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದು ಎದ್ದರೆ ನಿಮ್ಮ ಗೋಡೆ ಖಾತ್ರಿ: ಹಳೇದು ಒಳಗಿದೆ, ಹೊಸದು ಹೊರಗಿದೆ. ಡಿಸ್ಕನ್ನು ಯುಎಸ್‌ಬಿ ಮೂಲಕ ಬೂಟ್ ಮಾಡುವ ಹಳೇ ಬೋರ್ಡುಗಳಲ್ಲಿ ಇದು ಇನ್ನೂ ಹೆಚ್ಚು.

ಗಟ್ಟಿ ಪರಿಹಾರ ಅಂದರೆ ಡಿಸ್ಕಿನ ಆರಂಭದಲ್ಲೇ 1 ಜಿಬಿಯ ಪ್ರತ್ಯೇಕ ಬೂಟ್ ಪಾರ್ಟಿಶನ್. ಕರ್ನಲ್ ಎಷ್ಟು ಸಲ ಬದಲಾದರೂ ಆ ಬೇಲಿಯೊಳಗೇ ಇರುತ್ತದೆ. ಲೈವ್ ಪೆನ್‌ಡ್ರೈವಿನಿಂದ ಎದ್ದು (ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್), ಪಾರ್ಟಿಶನ್ ಬದಲಿಸುವ ಜಿಪಾರ್ಟೆಡ್‌ನಲ್ಲಿ ಮೊದಲ ಪಾರ್ಟಿಶನ್ನನ್ನು ಮುಂದಕ್ಕೆ ಸರಿಸಿ ಜಾಗ ಮಾಡಬಹುದು, ಆದರೆ ತುಂಬಿದ ದೊಡ್ಡ ಡಿಸ್ಕಿನಲ್ಲಿ ಸರಿಸುವುದು ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಎಲ್ಲವೂ ಹೋಯಿತು. ಬೇಸಿಗೆಯಲ್ಲಿ, ಯುಪಿಎಸ್ ಇಲ್ಲದ ಕಡೆ, ನಾನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಡೇಟಾ ಬೇರೆ ಡಿಸ್ಕಿಗೆ ನಕಲು ಮಾಡಿ ಹೊಸದಾಗಿ ಹಾಕುತ್ತೇನೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸುತ್ತು ಹೊಡೆದು ಎಣಿಸುವ ಡ್ರೈವರ್, ಗೋಡೆಯಾಚೆ ಬರೆಯಬೇಕಾದ್ದನ್ನು ತಂದು ಡಿಸ್ಕಿನ ಆರಂಭದಲ್ಲಿ ಬರೆಯಬಲ್ಲದು. ಆರಂಭದಲ್ಲಿರುವುದು ಬೂಟ್ ಕೋಡ್ ಮತ್ತು ಟೇಬಲ್. ಅಂದರೆ ಮದುವೆ ವಿಡಿಯೋದ ಒಂದು ತುಂಡು ಪಾರ್ಟಿಶನ್ ಟೇಬಲ್ ಮೇಲೆ ಬಂದು ಕೂತಿತು. ಹಾಗಾಗಿ ಸೈಜ್ ತಪ್ಪು ತೋರಿಸುವ ಕಂಪ್ಯೂಟರಿನಲ್ಲಿ, ಹಳೇ ಯುಎಸ್‌ಬಿ ಡಾಕಿನಲ್ಲಿ, "ಸದ್ಯಕ್ಕೆ ನಡೀತೈತಿ ಬಿಡ್ರಿ" ಅಂತ ಏನನ್ನೂ ಕಾಪಿ ಮಾಡಬೇಡಿ.

ಎಂಬಿಆರ್, ಜಿಪಿಟಿ, ಲೆಗಸಿ, ಯುಇಎಫ್ಐ

ನಮ್ಮಲ್ಲಿ ಬರುವ ಕೇಸುಗಳಲ್ಲಿ ಹೆಚ್ಚಿನವು ಈ ಜೋಡಿ ತಪ್ಪಿದ್ದು. ಜಿಪಿಟಿ ಟೇಬಲ್ ಸೆಕ್ಟರುಗಳನ್ನು 64 ಬಿಟ್ಟಿನಲ್ಲಿ ಎಣಿಸುತ್ತದೆ, ವಿಂಡೋಸಿನಲ್ಲಿ 128 ಪಾರ್ಟಿಶನ್ ಕೊಡುತ್ತದೆ, ತನ್ನ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲೂ ಇಟ್ಟುಕೊಂಡಿರುತ್ತದೆ. ಆದರೆ ವಿಂಡೋಸ್ ಜಿಪಿಟಿ ಡಿಸ್ಕಿನಿಂದ ಎದ್ದೇಳಬೇಕಾದರೆ ಬೋರ್ಡ್ ಯುಇಎಫ್ಐ ಆಗಿರಲೇಬೇಕು. ಬರೀ ಡೇಟಾಗೆ ಮಾತ್ರ ಅಂದರೆ ಆ ಷರತ್ತು ಇಲ್ಲ. ವಿಸ್ಟಾದಿಂದ ಈಚಿನ ಯಾವ ವಿಂಡೋಸಾದರೂ ಜಿಪಿಟಿ ಡಿಸ್ಕನ್ನು ಓದುತ್ತದೆ. 32 ಬಿಟ್ಟಿನ ಎಕ್ಸ್‌ಪಿ ಓದುವುದಿಲ್ಲ. ನುಡಿ ಟೈಪಿಂಗಿಗೆ ಅಂತ ಎಕ್ಸ್‌ಪಿ ಯಂತ್ರ ಇನ್ನೂ ಇಟ್ಟುಕೊಂಡ ಡಿಟಿಪಿಯವರು ಇದನ್ನು ನೆನಪಿಡಿ.

ನಿಮ್ಮ ಡಿಸ್ಕ್ ಯಾವುದು ಅಂತ ತಿಳಿಯಲು ವಿಂಡೋಸ್ ಪೆನ್‌ಡ್ರೈವ್ ಹಾಕಿ ಅದರಿಂದ ಎಬ್ಬಿಸಿ, ಮೊದಲ ಪರದೆ ಬಂದಾಗ ಶಿಫ್ಟ್ ಹಿಡಿದು ಎಫ್10 ಒತ್ತಿ. ಕಪ್ಪು ಕಿಟಕಿ ಬರುತ್ತದೆ. "ಡಿಸ್ಕ್‌ಪಾರ್ಟ್" ಅಂತ ಕೊಟ್ಟು, "ಲಿಸ್ಟ್ ಡಿಸ್ಕ್" ಅಂತ ಕೊಡಿ. ಕೊನೆಯ ಜಿಪಿಟಿ ಕಾಲಮ್ಮಿನಲ್ಲಿ ನಕ್ಷತ್ರ ಇದ್ದರೆ ಜಿಪಿಟಿ. ಇಲ್ಲದಿದ್ದರೆ ಎಂಬಿಆರ್. ಜಿಪಿಟಿ ಇದ್ದು ಬಯೋಸ್ ಲೆಗಸಿಯಲ್ಲಿದ್ದರೆ, ಯುಇಎಫ್ಐಗೆ ತಿರುಗಿಸಿ ಒಮ್ಮೆ ರೀಸ್ಟಾರ್ಟ್ ಮಾಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಒಂದು ಅಪಾಯದ ಜಾಗ ಇಲ್ಲಿದೆ. ವಿಂಡೋಸ್ ಹಾಕಲು ಹೋದಾಗ "ಈ ಡಿಸ್ಕಿನಲ್ಲಿ ಎಂಬಿಆರ್ ಟೇಬಲ್ ಇದೆ, ಜಿಪಿಟಿ ಡಿಸ್ಕಿಗೆ ಮಾತ್ರ ಹಾಕಬಹುದು" ಎಂಬರ್ಥದ ಮೆಸೇಜ್ ಬರುತ್ತದೆ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ ಹುಡುಗರು ಡಿಸ್ಕ್‌ಪಾರ್ಟಿನಲ್ಲಿ "ಕ್ಲೀನ್" ಅಂತ ಹೊಡೆದುಬಿಡುತ್ತಾರೆ. ಆ ಒಂದು ಪದಕ್ಕೆ ಇಡೀ ಡಿಸ್ಕಿನ ಟೇಬಲ್ ಅಳಿಸುತ್ತದೆ, ಕೇಳುವುದೂ ಇಲ್ಲ. ಅದರ ಬದಲು ವಿಂಡೋಸ್ 10ರ 1703 ಆವೃತ್ತಿಯಿಂದ "ಎಂಬಿಆರ್2ಜಿಪಿಟಿ" ಎಂಬ ಸಾಧನ ಒಳಗೇ ಇದೆ. ಮೊದಲು "ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0" ಅಂತ ಕೊಟ್ಟು ಆಗುತ್ತದೋ ಇಲ್ಲವೋ ಕೇಳಿ. ಹೂಂ ಅಂದರೆ "ವ್ಯಾಲಿಡೇಟ್" ಜಾಗದಲ್ಲಿ "ಕನ್ವರ್ಟ್". ಡೇಟಾ ಉಳಿದುಕೊಂಡು ಟೇಬಲ್ ಮಾತ್ರ ಬದಲಾಗುತ್ತದೆ. ವಿಂಡೋಸ್ ಇರುವ ಡಿಸ್ಕಿಗೆ ಮಾತ್ರ ಇದು. ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಇರಲೇಬಾರದು. ಆಮೇಲೆ ಬಯೋಸಿನಲ್ಲಿ ಯುಇಎಫ್ಐ ಮಾಡುವುದನ್ನು ಮರೆತು "ಕನ್ವರ್ಟ್ ಮಾಡಿದ್ ಮ್ಯಾಲೆ ಪೂರಾ ಹೋತ್ರಿ" ಅಂತ ಫೋನ್ ಮಾಡುತ್ತಾರೆ.

ಇನ್ನೊಂದು, ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಆನ್ ಇರಬಹುದು, ಮಾಲೀಕರಿಗೇ ಗೊತ್ತಿರುವುದಿಲ್ಲ. ಬಯೋಸ್ ಸೆಟ್ಟಿಂಗ್ ಮುಟ್ಟಿದರೆ 48 ಅಂಕಿಯ ಕೀ ಕೇಳುತ್ತದೆ. ಆ ಕೀ ಅವರ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇದೆಯೇ ಅಂತ ಮೊದಲು ನೋಡಿಸಿ, ಆಮೇಲೆ ಕೈ ಹಾಕಿ.

ವಿಂಡೋಸ್ ಲೋಡರ್ ಮತ್ತೆ ಬರೆಯುವುದು

ಯುಇಎಫ್ಐ ಕಂಪ್ಯೂಟರಿನಲ್ಲಿ ಬೂಟ್ ಫೈಲುಗಳು ಸಿ ಡ್ರೈವಿನಲ್ಲಿ ಇರುವುದಿಲ್ಲ. ಸುಮಾರು 100 ಎಂಬಿಯ, ಫ್ಯಾಟ್32 ಆಗಿರುವ ಒಂದು ಸಣ್ಣ ಇಎಫ್ಐ ಪಾರ್ಟಿಶನ್ನಿನಲ್ಲಿರುತ್ತವೆ. ಕರೆಂಟ್ ಹೋಗಿ ಬಂದಾಗ ಕೆಡುವುದು ಹೆಚ್ಚಾಗಿ ಇದೇ. ಡಿಸ್ಕ್‌ಪಾರ್ಟಿನಲ್ಲಿ "ಲಿಸ್ಟ್ ವಾಲ್ಯೂಮ್" ಕೊಟ್ಟರೆ ಅದು ಕಾಣುತ್ತದೆ. ಅದರ ನಂಬರ್ 3 ಅಂದುಕೊಂಡರೆ "ಸೆಲೆಕ್ಟ್ ವಾಲ್ಯೂಮ್ 3", ಆಮೇಲೆ "ಅಸೈನ್ ಲೆಟರ್=ಎಸ್", ಆಮೇಲೆ "ಎಕ್ಸಿಟ್". ಕೊನೆಗೆ:

ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್ಐ

ಪೆನ್‌ಡ್ರೈವಿನಿಂದ ಎದ್ದಾಗ ನಿಮ್ಮ ಸಿ ಡ್ರೈವಿನ ಅಕ್ಷರ ಡಿ ಅಥವಾ ಇ ಆಗಿರಬಹುದು. "ಡಿಐಆರ್ ಸಿ:" ಅಂತ ಕೊಟ್ಟು ಅಲ್ಲಿ ವಿಂಡೋಸ್ ಫೋಲ್ಡರ್ ಇದೆಯೇ ನೋಡಿಕೊಂಡೇ ಮುಂದೆ ಹೋಗಿ. ಎಂಬಿಆರ್ ಡಿಸ್ಕಾದರೆ "ಬೂಟ್‌ರೆಕ್ /ಫಿಕ್ಸ್‌ಎಂಬಿಆರ್", "ಬೂಟ್‌ರೆಕ್ /ಫಿಕ್ಸ್‌ಬೂಟ್", "ಬೂಟ್‌ರೆಕ್ /ರೀಬಿಲ್ಡ್‌ಬಿಸಿಡಿ" ಅಂತ ಒಂದಾದ ಮೇಲೊಂದು. ಎಲ್ಲ ಕಡೆ ಇವೇ ಮೂರನ್ನು ಮಂತ್ರದ ಹಾಗೆ ಹೇಳುತ್ತಾರೆ; ಜಿಪಿಟಿ ಡಿಸ್ಕಿನಲ್ಲಿ ಫಿಕ್ಸ್‌ಎಂಬಿಆರಿನಿಂದ ಉಪಯೋಗವಿಲ್ಲ, ಫಿಕ್ಸ್‌ಬೂಟ್ ಎಷ್ಟೋ ಸಲ "ಆಕ್ಸೆಸ್ ಡಿನೈಡ್" ಅನ್ನುತ್ತದೆ. ಮೇಲಿನ ಬಿಸಿಡಿಬೂಟ್ ಒಂದೇ ಸಾಕು.

ಗ್ರಬ್ ರೆಸ್ಕ್ಯೂ

ಇದಕ್ಕೆ ಹೆದರುವವರೇ ಹೆಚ್ಚು, ನನಗೆ ಇದೇ ಇಷ್ಟ, ಯಾಕೆಂದರೆ ಕೇಳಿದರೆ ಉತ್ತರ ಕೊಡುತ್ತದೆ. "ಎಲ್‌ಎಸ್" ಅಂತ ಕೊಡಿ. (ಎಚ್‌ಡಿ0) (ಎಚ್‌ಡಿ0,ಜಿಪಿಟಿ1) (ಎಚ್‌ಡಿ0,ಜಿಪಿಟಿ2) ಅಂತ ಸಾಲು ಬರುತ್ತದೆ. ಎಂಬಿಆರ್ ಆದರೆ ಜಿಪಿಟಿ ಜಾಗದಲ್ಲಿ ಎಂಎಸ್‌ಡಾಸ್ ಅಂತ ಇರುತ್ತದೆ. ಒಂದೊಂದನ್ನೇ ಕೇಳಿ: "ಎಲ್‌ಎಸ್ (ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್". ಫೈಲುಗಳ ಪಟ್ಟಿ ಕಂಡರೆ ಅದೇ ಮನೆ. ಆಗ ಈ ನಾಲ್ಕು:

ಸೆಟ್ ರೂಟ್=(ಎಚ್‌ಡಿ0,ಜಿಪಿಟಿ2)
ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಬೂಟ್ ಪಾರ್ಟಿಶನ್ ಪ್ರತ್ಯೇಕ ಇದ್ದರೆ ದಾರಿಯಲ್ಲಿ "/ಬೂಟ್" ಬೇಡ, ಬರೀ "/ಗ್ರಬ್". ಮೆನು ಬಂದು ಉಬುಂಟು ಎದ್ದ ಮೇಲೆ ಇದನ್ನು ಶಾಶ್ವತ ಮಾಡಲು ಟರ್ಮಿನಲ್ಲಿನಲ್ಲಿ "ಸುಡೊ ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಎ", ಆಮೇಲೆ "ಸುಡೊ ಅಪ್‌ಡೇಟ್-ಗ್ರಬ್". ಎಸ್‌ಡಿಎ ಅನ್ನುವುದು ನಿಮ್ಮ ಡಿಸ್ಕೇ ಹೌದೇ ಅಂತ "ಎಲ್‌ಎಸ್‌ಬಿಎಲ್‌ಕೆ" ಕೊಟ್ಟು ಸೈಜ್ ನೋಡಿ ಖಾತ್ರಿ ಮಾಡಿಕೊಳ್ಳಿ. ಎಸ್‌ಡಿಎ1 ಅಂತ ಪಾರ್ಟಿಶನ್ನಿನ ನಂಬರ್ ಸೇರಿಸಬಾರದು.

ಲೆಗಸಿ ಬೋರ್ಡಿನಲ್ಲಿ ಜಿಪಿಟಿ ಡಿಸ್ಕ್ ಹಾಕಿ ಲಿನಕ್ಸ್ ಎಬ್ಬಿಸಲು ಸಾಧ್ಯ, ವಿಂಡೋಸಿಗೆ ಆಗದ್ದು ಇಲ್ಲಿ ಆಗುತ್ತದೆ. ಒಂದು ಷರತ್ತು: 1 ಎಂಬಿಯ ಬಯೋಸ್ ಬೂಟ್ ಪಾರ್ಟಿಶನ್ ಬೇಕು. ಗ್ರಬ್ಬಿನ ಎರಡನೇ ತುಂಡು ಎಂಬಿಆರ್ ಡಿಸ್ಕಿನಲ್ಲಿ ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಶನ್ನಿಗೂ ನಡುವಿನ ಖಾಲಿ ಜಾಗದಲ್ಲಿ ಕೂರುತ್ತಿತ್ತು. ಜಿಪಿಟಿಯಲ್ಲಿ ಆ ಜಾಗ ಟೇಬಲ್ಲಿಗೇ ಹೋಗಿದೆ. ಜಿಪಾರ್ಟೆಡ್‌ನಲ್ಲಿ 1 ಎಂಬಿಯ, ಫಾರ್ಮ್ಯಾಟ್ ಮಾಡದ ಪಾರ್ಟಿಶನ್ ಮಾಡಿ "ಬಯೋಸ್_ಗ್ರಬ್" ಎಂಬ ಫ್ಲ್ಯಾಗ್ ಹಾಕಿ, ಆಮೇಲೆ ಗ್ರಬ್-ಇನ್‌ಸ್ಟಾಲ್ ಕೊಡಿ. ಆ ಫ್ಲ್ಯಾಗನ್ನು ತಪ್ಪಿ ಡೇಟಾ ಇರುವ ಪಾರ್ಟಿಶನ್ನಿಗೆ ಹಾಕಿದರೆ ಗ್ರಬ್ ಅದರ ಮೇಲೇ ಬರೆದುಬಿಡುತ್ತದೆ, ಎರಡು ಸಲ ನೋಡಿ.

ಲೈವ್ ಪೆನ್‌ಡ್ರೈವಿನಿಂದ ರಿಪೇರಿ ಮಾಡುವಾಗ, ಒಳಗಿರುವ ಲಿನಕ್ಸ್ ಯಾವ ಮೋಡಿನಲ್ಲಿ ಹಾಕಿದೆಯೋ ಅದೇ ಮೋಡಿನಲ್ಲಿ ಪೆನ್‌ಡ್ರೈವನ್ನೂ ಎಬ್ಬಿಸಬೇಕು. "/ಸಿಸ್/ಫರ್ಮ್‌ವೇರ್/ಇಎಫ್ಐ" ಫೋಲ್ಡರ್ ಇದ್ದರೆ ನೀವು ಯುಇಎಫ್ಐನಲ್ಲಿದ್ದೀರಿ. ಇಲ್ಲದಿದ್ದರೆ ಲೆಗಸಿ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುವುದು ಇದಕ್ಕೇ.

ಪೆಟ್ಟಿಗೆಯಿಂದ ಬಿಚ್ಚಿದ ಡಿಸ್ಕ್

ಎಕ್ಸ್‌ಟರ್ನಲ್ ಪೆಟ್ಟಿಗೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿನೊಳಗೆ ಹಾಕಿದರೆ "ಇನಿಶಿಯಲೈಸ್ ಮಾಡಲೇ?" ಅಂತ ವಿಂಡೋಸ್ ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಎಕ್ಸ್‌ಪಿಯಲ್ಲೂ ದೊಡ್ಡ ಡಿಸ್ಕ್ ಓಡಲಿ ಅಂತ ಕೆಲವು ಪೆಟ್ಟಿಗೆಗಳ ಒಳಗಿನ ಬೋರ್ಡ್ 512 ಬೈಟಿನ ಸೆಕ್ಟರುಗಳನ್ನು ಎಂಟೆಂಟು ಕಟ್ಟಿ 4096 ಬೈಟಿನದು ಅಂತ ಹೇಳುತ್ತಿತ್ತು. ಟೇಬಲ್ಲನ್ನು ಆ ಲೆಕ್ಕದಲ್ಲೇ ಬರೆದಿರುತ್ತದೆ. ಬೋರ್ಡ್ ತೆಗೆದ ಕೂಡಲೇ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ. ಮತ್ತೆ ಅದೇ ಪೆಟ್ಟಿಗೆಗೆ ಹಾಕಿ, ಡೇಟಾ ಹೊರಗೆ ತೆಗೆದುಕೊಂಡು, ಆಮೇಲೆ ಒಳಗೆ ಹಾಕಿ ಹೊಸದಾಗಿ ಜಿಪಿಟಿ ಮಾಡಿ. ಡಿವಿಆರಿನ ಡಿಸ್ಕಿಗೂ ಇದೇ ಪ್ರಶ್ನೆ ಬರುತ್ತದೆ, ಕಾರಣ ಬೇರೆ: ಹಲವು ಡಿವಿಆರುಗಳ ಫೈಲ್ ಸಿಸ್ಟಮ್ಮನ್ನು ವಿಂಡೋಸ್ ಓದುವುದಿಲ್ಲ. ಒಳಗೆ ಕಳವಿನ ರೆಕಾರ್ಡಿಂಗ್ ಇದ್ದರೆ ಪೊಲೀಸರು ನೋಡುವವರೆಗೆ ಆ ಡಿಸ್ಕನ್ನು ಕಂಪ್ಯೂಟರಿಗೆ ಹಾಕಲೇಬೇಡಿ.

ನಿಜವಾಗಿ ಸಾಯುತ್ತಿರುವ ಡಿಸ್ಕ್

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಥವಾ ಲಿನಕ್ಸಿನ ಸ್ಮಾರ್ಟ್‌ಸಿಟಿಎಲ್‌ನಲ್ಲಿ ನಂಬರ್ 5 (ಕೆಟ್ಟು ಬದಲಿಸಿದ ಸೆಕ್ಟರುಗಳು), 197 (ಓದಲಾಗದೆ ಕಾಯುತ್ತಿರುವವು), 198 (ಸರಿಪಡಿಸಲಾಗದವು) ನೋಡಿ. 197ರಲ್ಲಿ ಸೊನ್ನೆಗಿಂತ ಹೆಚ್ಚಿದ್ದು ಏರುತ್ತಿದ್ದರೆ ಬೂಟ್ ರಿಪೇರಿ ಬಿಡಿ, ಮೊದಲು ಡಿಡಿರೆಸ್ಕ್ಯೂನಿಂದ ಬೇರೆ ಡಿಸ್ಕಿಗೆ ಪೂರ್ತಿ ನಕಲು ತೆಗೆಯಿರಿ. 199 ಮಾತ್ರ ಏರುತ್ತಿದ್ದರೆ ಡಿಸ್ಕಿನ ಮೇಲೆ ಅನುಮಾನ ಬೇಡ; ಅದು ಸಾಟಾ ಕೇಬಲ್ಲಿನ ತಕರಾರು, ಮಿಲ್ಲಿನ ತೌಡಿನ ಧೂಳು ಕುಳಿತ ಕನೆಕ್ಟರುಗಳಲ್ಲಿ ಸಾಮಾನ್ಯ. ಕೇಬಲ್ ಬದಲಿಸಿ. ಬಿಸಿಯನ್ನೂ ನೋಡಿ. ಹೆಚ್ಚಿನ ಡಿಸ್ಕುಗಳಿಗೆ 60 ಡಿಗ್ರಿ ಮಿತಿ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನಿಲ್ಲದ ಕ್ಯಾಬಿನೆಟ್ಟಿನಲ್ಲಿ ಅದನ್ನು ಮುಟ್ಟುವುದು ಕಷ್ಟವೇನಲ್ಲ.

ಟೇಬಲ್ ಮಾತ್ರ ಅಳಿಸಿಹೋಗಿದ್ದರೆ ಟೆಸ್ಟ್‌ಡಿಸ್ಕ್ ಹುಡುಕಿ ಕೊಡುತ್ತದೆ. ಜಿಪಿಟಿ ಆಗಿದ್ದರೆ ಇನ್ನೂ ಸುಲಭ, ಕೊನೆಯಲ್ಲಿರುವ ಪ್ರತಿಯನ್ನು ಜಿಡಿಸ್ಕ್ ಓದಿ ಮುಂದಿನದನ್ನು ಸರಿ ಮಾಡುತ್ತದೆ. ಆದರೆ ಇದನ್ನು ಪೂರ್ತಿ ಸೈಜ್ ಸರಿಯಾಗಿ ತೋರಿಸುವ ಕಂಪ್ಯೂಟರಿನಲ್ಲೇ ಮಾಡಬೇಕು. ಡಿಸ್ಕಿನ ಕೊನೆಯೇ ಕಾಣದ ಯಂತ್ರಕ್ಕೆ ಕೊನೆಯಲ್ಲಿರುವ ಪ್ರತಿ ಹೇಗೆ ಸಿಗುತ್ತದೆ?

ನಾನು ಈಗ ಮಾಡುವುದು

ದೊಡ್ಡ ಡಿಸ್ಕಿನಿಂದ ಬೂಟ್ ಮಾಡಿಸುವುದನ್ನೇ ಬಿಟ್ಟಿದ್ದೇನೆ. 256 ಜಿಬಿಯ ಒಂದು ಎಸ್‌ಎಸ್‌ಡಿ ಹಾಕಿ, ವಿಂಡೋಸೋ ಉಬುಂಟುವೋ ಅದರಲ್ಲಿ. ಲೆಗಸಿ ಬೋರ್ಡಾದರೆ ಎಸ್‌ಎಸ್‌ಡಿಗೆ ಎಂಬಿಆರೇ ಇರಲಿ, ಅಷ್ಟು ಸಣ್ಣದಕ್ಕೆ ಅದು ಸಾಕು. 4 ಟಿಬಿಗೆ ಜಿಪಿಟಿ ಮಾಡಿ ಬರೀ ಡೇಟಾಗೆ. ಬಯೋಸಿಗೆ ದೊಡ್ಡ ಡಿಸ್ಕ್ ಅರ್ಧ ಕಂಡರೂ ಚಿಂತೆಯಿಲ್ಲ. ವಿಂಡೋಸ್ ಎದ್ದ ಮೇಲೆ ಪೂರ್ತಿ ಸೈಜ್ ತೋರಿಸಿದರೆ ಸಾಕು. ತೋರಿಸದಿದ್ದರೆ ಆ ಬೋರ್ಡಿಗೆ ಆ ಡಿಸ್ಕ್ ಬೇಡ ಅಂತ ಸಾಹುಕಾರ್ರಿಗೆ ನೇರವಾಗಿ ಹೇಳುತ್ತೇನೆ. ಎರಡು ಡಿಸ್ಕ್ ಯಾಕೆ ಅಂತ ಕೇಳುವವರಿದ್ದಾರೆ, ಖರ್ಚು ಅಂತಾರೆ. ಟ್ಯಾಲಿ ತೆರೆಯುವ ವೇಗ ನೋಡಿದ ಮೇಲೆ ಆ ಮಾತು ಆಡುವುದಿಲ್ಲ.

ವಿಂಡೋಸ್ ಹಾಕುವಾಗ ದೊಡ್ಡ ಡಿಸ್ಕಿನ ಕೇಬಲ್ ಬಿಚ್ಚಿಡಿ. ಎರಡೂ ಇದ್ದರೆ ವಿಂಡೋಸ್ ಎಸ್‌ಎಸ್‌ಡಿಯಲ್ಲಿ ಕುಳಿತು ತನ್ನ ಬೂಟ್ ಫೈಲುಗಳನ್ನು ದೊಡ್ಡ ಡಿಸ್ಕಿನಲ್ಲಿ ಇಟ್ಟುಬಿಡಬಹುದು. ಮುಂದೆ ಯಾವಾಗಲೋ ದೊಡ್ಡದನ್ನು ತೆಗೆದ ದಿನ ಎಸ್‌ಎಸ್‌ಡಿಯೂ ಏಳುವುದಿಲ್ಲ.

ಕೆಲಸ ಮುಗಿದ ಮೇಲೆ ಕ್ಯಾಬಿನೆಟ್ಟಿನ ಒಳಮೈಗೆ ಒಂದು ಚೀಟಿ ಅಂಟಿಸಿ: ಯಾವ ಡಿಸ್ಕ್ ಬೂಟಿಂದು, ಎಂಬಿಆರೋ ಜಿಪಿಟಿಯೋ, ಬಯೋಸಿನಲ್ಲಿ ಯುಇಎಫ್ಐಯೋ ಲೆಗಸಿಯೋ, ಎಎಚ್‌ಸಿಐಯೋ ಐಡಿಇಯೋ, ಸೆಲ್ ಹಾಕಿದ ತಿಂಗಳು ಯಾವುದು. ಪೆನ್ನಿನಲ್ಲಿ ಬರೆದರೆ ಬಿಸಿಗೆ ಮಾಸುತ್ತದೆ, ಮಾರ್ಕರಿನಲ್ಲಿ ಬರೆಯಿರಿ.